ಸುಣ್ಣ ಹಾಕಿದಷ್ಟೂ ಝಿಂಕ್ ಯಾಕ ಇಳೀವಲ್ದು?

ಕೇಳಿದವ್ರು, ಕಲಬುರಗಿ ಕಪನೂರ:
ನಮ್ದು ಸಣ್ಣ ಗ್ಯಾಲ್ವನೈಸಿಂಗ್ ಯೂನಿಟ್ ರೀ, ಕಬ್ಬಿಣಕ್ಕ ಝಿಂಕ್ (ಸತು) ಲೇಪ ಹಚ್ಚೋದು. ಆ್ಯಸಿಡ್‌ನಾಗ ಕಬ್ಬಿಣ ತೊಳದ ನೀರು ಪಿಎಚ್ (ಆಮ್ಲ-ಕ್ಷಾರದ ಅಳತಿ) 2ರ ಆಸುಪಾಸು ಇರ್ತದ, ಸುಣ್ಣ ಹಾಕಿ 12ಕ್ಕ ಒಯ್ದ್ರೂ ಲ್ಯಾಬ್ ರಿಪೋರ್ಟ್‌ನಾಗ ಝಿಂಕ್ ಲೀಟರಿಗೆ 5 ಮಿಲಿಗ್ರಾಂ ಮಿತಿ ದಾಟೇ ಬರ್ಲತ್ತದ. ಇನ್ನಾ ಹೆಚ್ಚು ಹಾಕ್ಬೇಕೇನು?

ಮೊದಲ್ನೇ ಉತ್ತರ:
ಹೆಚ್ಚ್ ಬ್ಯಾಡ್ರಿ, ಕಮ್ಮಿ ಮಾಡ್ರಿ. ಸೇಡಂ ಶಹಾಬಾದ್ ಕಡೆ ಕಲ್ಲಿಗೇನ್ ಬರ ಅಂತ ನಾವೆಲ್ಲಾ ಕೈ ಬಿಚ್ಚಿ ಸುಣ್ಣ ಸುರೀತೀವಿ, ನಾನೂ ಸುರದೀನಿ. ಝಿಂಕ್ 9ರಿಂದ 9.5ರಾಗ ಹಾಲು ಒಡದಂಗ ಬೆಳ್ಳಗ ಒಡೀತದ, 11 ದಾಟ್ತಂದ್ರ ಅದೇ ಗಸಿ ಹೊಳ್ಳಿ ನೀರಾಗ ಕರಗ್ಲತ್ತದ, ಮ್ಯಾಲ ಎಷ್ಟ್ ಸುಣ್ಣ ಹಾಕಿದ್ರೂ ದಂಡ. ಐದು ಬೀಕರ್ ಇಟ್ಟು 8.5ರಿಂದ 11ರ ತನಕ ಒಂದೊಂದು ಪಿಎಚ್‌ಗೆ ತಂದು, ಸೋಸಿ ಲ್ಯಾಬಿಗೆ ಕೊಡ್ರಿ, ನಿಮ್ಮ ನೀರಿಗೆ ಯಾವ್ದು ಹೊಂದ್ತದ ಅಂತ ಅದೇ ಹೇಳ್ತದ. ಮೀಟರ್ ಕಡ್ಡಿಗೆ ಸುಣ್ಣ ಹೆಪ್ಪುಗಟ್ಟಿದ್ರ ತೋರ್ಸೋ ನಂಬರೆಲ್ಲಾ ಸುಳ್ಳು, ನೀರು ಬೆರಸಿ ತೆಳು ಮಾಡಿದ ಆ್ಯಸಿಡ್‌ನಾಗ ತೊಳದು ಬಳಸ್ರಿ.

ಇನ್ನೊಂದು, ಹೊರಗ ಬಿಡೋ ನೀರಿಗೆ ಪಿಎಚ್ 5.5ರಿಂದ 9 ಅಂತ ಅದ. ಗಸಿ ಪೂರ್ತಿ ಬ್ಯಾರೆ ಮಾಡಿದ ಮ್ಯಾಲೇ ಚೂರು ಆ್ಯಸಿಡ್ ಬಿಟ್ಟು ಇಳಸ್ರಿ. ನಮ್ಮ ಹುಡುಗ ಒಂದಿನ ಗಸಿ ಕೂಡೂಕಿಂತ ಮೊದ್ಲೇ ಆ್ಯಸಿಡ್ ಬಿಟ್ಟ, ಗಸಿ ಹೊಳ್ಳಿ ಕರಗಿ ಇಡೀ ಟ್ಯಾಂಕ್ ಮತ್ತ ಮೊದಲಿಂದ.

ಬೀದರ ಕೊಳಾರದಿಂದ:
ಮ್ಯಾಲಿನವ್ರು ಕಬ್ಬಿಣ ಬಿಟ್ಟಾರ. ಆ್ಯಸಿಡ್‌ನಾಗ ತೊಳದ ನೀರಾಗಿಂದು ಫೆರಸ್, ಅಂದ್ರ ಇನ್ನಾ ಗಾಳಿ ಹಿಡದು ಕಂದಾಗದ ಕಬ್ಬಿಣ, ಗಸಿ ಹೊಲಸು ಹಸರಾಗ್ತದ, ಸರಿಯಾಗಿ ಕೂಡೂದಿಲ್ಲ. 8 ದಾಟಿದ ಮ್ಯಾಲ ಬ್ಲೋವರ್ ಹಚ್ಚಿ ಗಾಳಿ ಬಿಡ್ರಿ, ಕಂದು ಬಣ್ಣಕ್ಕ ತಿರುಗಿ ದಪ್ಪಾಗಿ ಕೂಡ್ತದ. ಗಾಳಿ ಬಿಡೋವಾಗ ಪಿಎಚ್ ಇಳೀತದ, ಕಣ್ಣಿಟ್ಟಿರ್ರಿ. ಗಸಿ ಹೊಲದ ಬದುವಿಗೆ ಸುರೀಬ್ಯಾಡ್ರಿ ಮತ್ತ, ಅದು ಅಪಾಯಕಾರಿ ತ್ಯಾಜ್ಯದ ಲೆಕ್ಕಕ್ಕ ಬರ್ತದ.

ಮತ್ತೊಬ್ರು:
ಸುಣ್ಣ ಬಿದ್ದ ಕೂಡ್ಲೇ ಮೂಗಿಗೆ ಘಾಟು ಹೊಡೀತದೇನ್ರಿ? ಹೊಡದ್ರ ಫ್ಲಕ್ಸ್ (ಝಿಂಕ್‌ನಾಗ ಅದ್ದೂಕಿಂತ ಮೊದ್ಲು ಕಬ್ಬಿಣ ಮುಳುಗಿಸೋ ದ್ರಾವಣ) ನೀರೂ ಅದೇ ಟ್ಯಾಂಕಿಗೆ ಬರ್ಲತ್ತದ ಅಂತ ತಿಳ್ಕೋರಿ. ಫ್ಲಕ್ಸ್‌ನಾಗ ಅಮೋನಿಯಂ ಕ್ಲೋರೈಡ್ ಇರ್ತದ, ಅದರ ಅಮೋನಿಯಾ ಝಿಂಕ್ ಕೈ ಹಿಡೀತಂದ್ರ ಗಸಿಯಾಗಾಕ ಬಿಡೂದಿಲ್ಲ, ಪಿಎಚ್ ಸರಿ ಇದ್ರೂ ರಿಪೋರ್ಟ್ ಕೆಡ್ತದ.

ಕೇಳಿದವ್ರು:
ಘಾಟು ಬರ್ತದ್ರಿ, ಕಣ್ಣಾಗ ನೀರೇ ಬರ್ತದ! ನಾವು ಸುಣ್ಣದ್ದೇ ವಾಸನಿ ಅಂತ ತಿಳ್ಕೊಂಡಿದ್ವಿ. ಫ್ಲಕ್ಸ್ ಪೈಪ್ ಹಳೇ ಫಿಟ್ಟರ್ ಅದೇ ಟ್ಯಾಂಕಿಗೆ ಜೋಡ್ಸ್ಯಾನ. ನಾಳಿ ಅದನ್ನ ಬಿಚ್ಚಸಿ, ಆಮ್ಯಾಲ ಬೀಕರ್ ಇಡ್ತೀನಿ.