ಅವರೆ ಸಿಪ್ಪೆ ಹಾಕಿದ ಮೇಲೆ ಗೊಬ್ಬರದ ಮಡಕೆ ನಾರ್ತಿದೆ, ಏನ್ಮಾಡ್ಲಿ?

ಬಸಳೆಬಳ್ಳಿ:
ಬೆಂಗಳೂರು, ಬಾಡಿಗೆ ಮನೆ, ಮೂರನೇ ಮಹಡಿ. ಬಟ್ಟೆ ಒಗೆಯೋ ಜಾಗದಲ್ಲಿ ಮಣ್ಣಿನ ಮಡಕೆ ಇಟ್ಟು ಅಡುಗೆಮನೆ ಹಸಿಕಸ ಗೊಬ್ಬರ ಮಾಡ್ತೀನಿ. ಇಷ್ಟು ದಿನ ತಕರಾರಿರಲಿಲ್ಲ. ಸಂಕ್ರಾಂತಿ ಹತ್ರ ಬಂತಲ್ಲ, ಅತ್ತೆಯವರಿಗೆ ದಿನಾ ಹಿತಕಿದಬೇಳೆ ಸಾರೇ ಆಗಬೇಕು. ಸುಲಿದ ಸಿಪ್ಪೆ, ಹಿತುಕಿದ ಸಿಪ್ಪೆ ಎಲ್ಲಾ ಮಡಕೆಗೇ ಹೋಯ್ತು. ಈಗ ಹುಳಿ ನಾತ, ತಳದಲ್ಲಿ ನೀರು, ಮೇಲೆಲ್ಲಾ ಬಿಳಿ ಹುಳ. ಪಕ್ಕದ ಮನೆಯವರು ಮೂಗು ಮುಚ್ಕೊಂಡೇ ಮಾತಾಡಿಸ್ತಾರೆ. ಕಸದ ಆಟೋಗೆ ಸುರಿದುಬಿಡ್ಲಾ?

ಹೊಂಗೆನೆರಳು:
ಸುರೀಬೇಡಿ! ಹುಳಿ ನಾತ ಅಂದ್ರೆ ಒಳಗೆ ಗಾಳಿ ಆಡ್ತಿಲ್ಲ, ಅಷ್ಟೇ. ಅವರೆಯ ಹಸಿ ಸಿಪ್ಪೇಲಿ ನೀರೂ ಜಾಸ್ತಿ, ಸಾರಜನಕವೂ ಜಾಸ್ತಿ. ಗೊಬ್ಬರ ಸರಿಯಾಗಿ ಕಳಿಯೋಕೆ ಸಾರಜನಕದ 25-30 ಪಟ್ಟು ಇಂಗಾಲ ಬೇಕು, ಅದು ಸಿಗೋದು ಒಣ ಎಲೆ, ಮರದ ಹೊಟ್ಟಿನಲ್ಲಿ. ಹಳೇ ಪೇಪರ್ ಹಾಸಿ ಮಡಕೆ ಬೋರಲು ಹಾಕಿ, ಒಂದು ಮಧ್ಯಾಹ್ನ ಆರಲಿ. ಆಮೇಲೆ ಒಂದು ಪಾಲು ಕಸಕ್ಕೆ ಎರಡು ಪಾಲು ಪುಡಿ ಮಾಡಿದ ಒಣ ಎಲೆ ಕಲಸಿ ವಾಪಸ್ ತುಂಬಿ. ಇನ್ಮೇಲೆ ಸಿಪ್ಪೆ ಹಿಂದಿನ ರಾತ್ರಿ ಹರಡಿ ಬಾಡಿಸಿ, ಕತ್ತರಿಸಿ ಹಾಕಿ.

ಒಣ ಎಲೆ ಬದಲು ಕೊಕೊಪೀಟ್‌ಗೆ (ತೆಂಗಿನ ನಾರಿನ ಪುಡಿ) ದುಡ್ಡು ಸುರಿಯೋರನ್ನ ಕಂಡ್ರೆ ನಂಗೆ ಅರ್ಥವಾಗಲ್ಲ. ಬೆಳಿಗ್ಗೆ ಪೌರಕಾರ್ಮಿಕರು ಎಲೆ ಗುಡಿಸಿ ಗುಡ್ಡೆ ಹಾಕಿರ್ತಾರೆ, ಚೀಲ ಹಿಡ್ಕೊಂಡು ಹೋಗಿ ಕೇಳಿ. ನಮ್ಮ ಬೀದೀಲಿ ಅವರೇ ತುಂಬಿ ಕೊಡ್ತಾರೆ. ಇಲ್ಲಾಂದ್ರೆ ಯಾರೋ ಪುಣ್ಯಾತ್ಮ ಬೆಂಕಿ ಹಚ್ಚಿ ಬೀದಿಗೆಲ್ಲಾ ಹೊಗೆ ಕುಡಿಸ್ತಾನೆ.

ಮಣ್ಣುಹುಳ:
ಹುಳಕ್ಕೆ ಹೆದರಬೇಡಿ. ಬಲಿತ ಮೇಲೆ ಕಂದು ಬಣ್ಣಕ್ಕೆ ತಿರುಗಿದ್ರೆ ಅದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ. ಕಚ್ಚಲ್ಲ, ಕಸ ಬೇಗ ಮುಗಿಸುತ್ತೆ. ಒಣ ಎಲೆ ಮೇಲೆ ದಪ್ಪಗೆ ಮುಚ್ಚಿದ್ರೆ ತಾನಾಗೇ ಕಮ್ಮಿಯಾಗುತ್ತೆ. ಸೀಮೆಎಣ್ಣೆ ಗೀಮೆಎಣ್ಣೆ ಹಾಕ್ಬೇಡಿ ಮಾತ್ರ.

ನಿವೃತ್ತ_ಮೇಷ್ಟ್ರು:
ಆಟೋಗೆ ಕೊಡಲೇಬೇಕಾಗಿ ಬಂದರೆ ಹಸಿರು ಬುಟ್ಟಿಯಲ್ಲಿ ಕೊಡಿ ತಾಯಿ, ಪ್ಲಾಸ್ಟಿಕ್ ಕವರಿಗೆ ಕಟ್ಟಬೇಡಿ. 'ಎರಡು ಬುಟ್ಟಿ, ಒಂದು ಚೀಲ' (ಹಸಿಕಸಕ್ಕೊಂದು, ನೈರ್ಮಲ್ಯದ ಕಸಕ್ಕೊಂದು ಬುಟ್ಟಿ, ಒಣಕಸಕ್ಕೆ ಚೀಲ) ಅಂತ ಹೈಕೋರ್ಟೇ 2015ರಲ್ಲಿ ಹೇಳಿದೆ. ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡರೆ ನಿಮಗೆ ಬೇಜಾರು. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ ಊರೆಲ್ಲಾ ಗಲಾಟೆ ಎಬ್ಬಿಸಿದ ಮೇಲೆ ತಾನೇ 2014ರ ಕೊನೆಗೆ ನಮ್ಮ ಕಸದ ಲಾರಿ ಅಲ್ಲಿಗೆ ಹೋಗೋದು ನಿಂತದ್ದು?

ಬಸಳೆಬಳ್ಳಿ:
ಎಲ್ಲರಿಗೂ ಥ್ಯಾಂಕ್ಸ್. ಎರಡು ಚೀಲ ಎಲೆ ಸಿಕ್ತು, ಈಗ ನಾತ ಕಮ್ಮಿ. ಇವತ್ತೂ ಮೂರು ಕೆಜಿ ಅವರೆಕಾಯಿ ಬಂದಿದೆ. ಬರೀ ಹಿತುಕಿದ ಸಿಪ್ಪೆ ಮಡಕೆಗೆ ಹಾಕಿ, ಮೇಲಿನ ಸಿಪ್ಪೆ ಹಾಲಿನವರ ಹಸುಗೆ ಕೊಡಬಹುದಾ?

ಹೊಂಗೆನೆರಳು:
ಧಾರಾಳವಾಗಿ. ಹುಳುಕು ಕಾಯಿದು ತೆಗೆದುಹಾಕಿ, ಉಳಿದದ್ದು ಕೊಡಿ.