ಪದಚರ್ಚೆ: ಹಾರ್ಡ್ ಡಿಸ್ಕ್ ‘ಕೆಟ್ಟಿದೆ’ಯೋ, ‘ಕೆಡುತ್ತಾ ಬಂದಿದೆ’ಯೋ?

ಎಲ್ಲರಿಗೂ ನಮಸ್ಕಾರ.

ಸಾಮಾನ್ಯ ಬಳಕೆದಾರರಿಗಾಗಿ ಬರೆಯುತ್ತಿರುವ ಕಂಪ್ಯೂಟರ್ ಕೈಪಿಡಿಯಲ್ಲಿ ಒಂದು ಕ್ರಿಯಾಪದದ ಹತ್ತಿರ ನಿಂತಿದ್ದೇನೆ. ಹಾರ್ಡ್ ಡಿಸ್ಕ್ ಪೂರ್ತಿ ನಿಂತಿಲ್ಲ, ನಂಬುವ ಹಾಗೂ ಇಲ್ಲ. ಈ ನಡುವಿನ ಸ್ಥಿತಿಗೆ ಏನನ್ನೋಣ?

ಮಾತಿನಲ್ಲಿ ಬರುವುದು ‘ಡಿಸ್ಕ್ ಕೆಟ್ಟಿದೆ’, ಇಲ್ಲವೇ ‘ಡಿಸ್ಕ್ ಹೋಯ್ತು’. ಎರಡೂ ಮುಗಿದುಹೋದ ಸಂಗತಿಯನ್ನು ಹೇಳುತ್ತವೆ. ‘ಹೋಯ್ತು’ ಅಂದರೆ ಹೋದದ್ದು ಯಂತ್ರವೋ ಒಳಗಿನ ಫೈಲುಗಳೋ ಎಂಬುದೂ ತಿಳಿಯದು. ‘ಕೆಟ್ಟಿದೆ’ ಎಂದು ಓದಿದವರಿಗೆ ಮೊದಲು ಹೊಳೆಯುವುದು ರಿಪೇರಿ. ದೋಷ ಹುಡುಕಿ ಸರಿಪಡಿಸುವ ಪ್ರೋಗ್ರಾಮನ್ನು ಓಡಿಸಿಬಿಡುತ್ತಾರೆ. ಅದು ಡಿಸ್ಕನ್ನೆಲ್ಲ ಜಾಲಾಡುತ್ತದೆ, ಅಲ್ಲಲ್ಲಿ ತಿದ್ದಿ ಬರೆಯುತ್ತದೆ. ಸೋತ ಡಿಸ್ಕಿಗೆ ಇದು ತಡೆಯಲಾರದ ಕೆಲಸ. ಮೊದಲು ಆಗಬೇಕಾದದ್ದು ಬೇರೊಂದು ಡಿಸ್ಕಿಗೆ ನಕಲು.

ನನ್ನ ಒಲವು ‘ಕೆಡುತ್ತಾ ಬಂದಿದೆ’ ಎಂಬುದರ ಕಡೆಗೆ. ಒಳಗೆ ಆಗುವುದೂ ಹಾಗೆಯೇ. ಓದಲಾಗದ ಸೆಕ್ಟರ್ (ಡೇಟಾ ಇಡುವ ಪುಟ್ಟ ತುಣುಕು ಜಾಗ) ಸಿಕ್ಕಾಗ ಡಿಸ್ಕ್ ಅದನ್ನು ಬದಿಗಿಟ್ಟು, ಮೀಸಲಿನಲ್ಲಿರುವ ಬೇರೊಂದನ್ನು ಅದರ ಜಾಗಕ್ಕೆ ಕೊಡುತ್ತದೆ. ಎಷ್ಟು ಬದಲಾದವು, ಎಷ್ಟು ಇನ್ನೂ ಕಾಯುತ್ತಿವೆ ಎಂಬ ಲೆಕ್ಕ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ (S.M.A.R.T.) ವರದಿಯಲ್ಲಿ ಸಿಗುತ್ತದೆ. ಆ ಸಂಖ್ಯೆ ಏರುತ್ತಾ ಹೋದರೆ ‘ಕೆಡುತ್ತಾ ಬಂದಿದೆ’ ಅನ್ನದೆ ಇನ್ನೇನು? ‘ಕೈಕೊಡುತ್ತಿದೆ’ ಎಂದು ಒಬ್ಬರು ಸೂಚಿಸಿದರು. ಆದರೆ ಕೈಕೊಡುವುದರಲ್ಲಿ ಥಟ್ಟನೆ ಆದ ಭಾವವಿದೆ. ತಿರುಗುವ ಭಾಗವಿಲ್ಲದೆ ಚಿಪ್ಪುಗಳಲ್ಲೇ ಡೇಟಾ ಇಡುವ, ಸದ್ದಿಲ್ಲದೆ ಒಮ್ಮೆಲೇ ಕಾಣೆಯಾಗಬಲ್ಲ ಎಸ್‌ಎಸ್‌ಡಿಗೆ ಅದನ್ನು ಮೀಸಲಿಡೋಣ ಅನಿಸುತ್ತದೆ.

‘ಬ್ಯಾಡ್ ಸೆಕ್ಟರ್’ಗೆ ‘ಕೆಟ್ಟ ಸೆಕ್ಟರ್’ ಮಾತ್ರ ಪುಣ್ಯಕ್ಕೆ ತಾನಾಗಿ ಒದಗಿಬಂತು. ಬಿಡು–ಬಿಟ್ಟ, ಸುಡು–ಸುಟ್ಟ ಇದ್ದ ಹಾಗೆ ಕೆಡು–ಕೆಟ್ಟ. ಕೆಟ್ಟ ಮನುಷ್ಯನಲ್ಲಿರುವುದು ಗುಣ, ಕೆಟ್ಟ ಗಡಿಯಾರದಲ್ಲಿರುವುದು ಸ್ಥಿತಿ. ಸೆಕ್ಟರಿಗೆ ಎರಡನೆಯದು ಸಾಕು. ‘ದುಷ್ಟ ವಲಯ’ ಎಂಬ ಅನುವಾದ ಯಾರಿಗೂ ಬೇಡ.

ಇನ್ನೂ ದೊಡ್ಡ ತೊಡಕು ‘ಉಳಿಸು’. ತೆರೆಯ ಮೇಲಿನ ಕನ್ನಡದಲ್ಲಿ ‘ಉಳಿಸಿ’ ಎಂದರೆ ಸೇವ್ ಮಾಡಿ ಎಂದೇ ರೂಢಿ. ‘ಮೊದಲು ನಿಮ್ಮ ಫೈಲುಗಳನ್ನು ಉಳಿಸಿ’ ಎಂದು ನಾನು ಬರೆದರೆ, ಓದುಗರು ಅದೇ ಡಿಸ್ಕಿನ ಮೇಲೆ ಮತ್ತೆ ಬರೆಯುತ್ತಾರೆ. ‘ಉಳಿಸಿಕೊಳ್ಳಿ’ ಎಂದರೆ ಅಪಾಯದಿಂದ ಪಾರುಮಾಡುವ ಅರ್ಥ ಬರುತ್ತದಾದರೂ ಅವಸರದಲ್ಲಿ ಓದುವವರ ಕಣ್ಣು ಆ ‘ಕೊಳ್ಳಿ’ಯ ಮೇಲೆ ನಿಲ್ಲುವುದು ಕಷ್ಟ. ‘ಬೇರೆ ಡಿಸ್ಕಿಗೆ ನಕಲಿಸಿ’ ಎಂದು ಬಿಡಿಸಿ ಹೇಳುವುದೇ ಸರಿಯೇನೋ.

ಕೊನೆಯದು ಸದ್ದು. ಡೇಟಾ ಓದಿ ಬರೆಯುವ ಹೆಡ್ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರುವಾಗ ಕೇಳುವುದು ‘ಟಕ್ ಟಕ್’. ಡೇಟಾ ಇರುವ, ತಿರುಗುವ ತಟ್ಟೆಯ ಮೈಗೇ ತಾಗಿ ಕೆರೆಯುವಾಗಿನದು ಬೇರೆ: ನಾನು ‘ಕರಕರ’ ಎಂದು ಬರೆದಿದ್ದೇನೆ, ‘ಗರಗರ’ ಎಂದೂ ಕೇಳಿದ್ದೇನೆ. ಈ ಸದ್ದು ಬಂದರೆ ಡಿಸ್ಕನ್ನು ಕೂಡಲೇ ಆಫ್ ಮಾಡಬೇಕು, ಹಾಗಾಗಿ ಪದ ಕಿವಿಗೆ ಸರಿಯಾಗಿ ತಾಕಬೇಕು. ನಿಮ್ಮ ಕಡೆ ಲೋಹ ಕೆರೆಯುವ ಸದ್ದಿಗೆ ಏನಂತೀರಿ? ‘ಕೆಡುತ್ತಾ ಬಂದಿದೆ’ಗಿಂತ ಚಿಕ್ಕದಾದ, ಎಚ್ಚರಿಕೆಯ ಸಾಲಿಗೆ ಹೊಂದುವ ಪದವಿದ್ದರೂ ತಿಳಿಸಿ.