ಮೈಕ್ ಒತ್ತಿದರೆ ವಿಎಚ್‌ಎಫ್ ರೇಡಿಯೋ ಸೆಟ್ ಆಫ್ ಆಗುತ್ತದೆ, ದೋಣಿಗೆ ಎಷ್ಟು ದಪ್ಪದ ವೈರ್ ಬೇಕು?

ಗಂಗೊಳ್ಳಿ_ಫೈಬರ್:
ನಮ್ಮದು 28 ಅಡಿಯ ಫೈಬರ್ ದೋಣಿ. 12 ವೋಲ್ಟ್ ಬ್ಯಾಟರಿ ಹಿಂದೆ ಔಟ್‌ಬೋರ್ಡ್ ಇಂಜಿನ್ ಪಕ್ಕ ಇದೆ. ಅಲ್ಲಿಂದ 4 ಮೀಟರ್ ಮುಂದೆ ಸ್ವಿಚ್ ಬಾಕ್ಸ್. 25 ವ್ಯಾಟ್ ವಿಎಚ್‌ಎಫ್ ಸೆಟ್, ಜಿಪಿಎಸ್, ಎಲ್‌ಇಡಿ ದೀಪ, ಮುಂತುದಿಯ 55 ವ್ಯಾಟ್ ಹ್ಯಾಲೊಜೆನ್ ಸರ್ಚ್ ಲೈಟ್, ಎಲ್ಲಕ್ಕೂ ಅದೇ ಬಾಕ್ಸ್‌ನಿಂದ ಕರೆಂಟ್. ಸರ್ಚ್ ಲೈಟ್ ಹಾಕಿಕೊಂಡು ಮೈಕ್ ಒತ್ತಿದರೆ ಸೆಟ್ ಆಫ್! ಬ್ಯಾಟರಿ ಹೊಸದು. ವೈರಿಂಗ್ ಮಾಡಿದವರು 1 ಸ್ಕ್ವೇರ್ ಎಂಎಂ ಮನೆ ವೈರ್ ಹಾಕಿದ್ದಾರೆ. "10 ಆಂಪಿಯರ್ ಧಾರಾಳ ತಡೆಯುತ್ತದೆ" ಅಂತಾರೆ. ರಾತ್ರಿ ಕಡಲಿಗೆ ಹೋಗುವವರು ಅಪ್ಪ. ಆಗಸ್ಟ್ 1ಕ್ಕೆ ಮಳೆಗಾಲದ ಮೀನುಗಾರಿಕೆ ರಜೆ ಮುಗಿಯುವ ಮೊದಲು ಸರಿ ಮಾಡಿಸಬೇಕು.

ಮಲ್ಪೆ_ವೈರ್‌ಮನ್:
ವೈರ್ ಬಿಸಿಯಾಗುವುದಿಲ್ಲ, ಅದು ನಿಜ. ಆದರೆ ದೋಣಿಯಲ್ಲಿ ನೋಡಬೇಕಾದ್ದು ಬಿಸಿ ಮಾತ್ರ ಅಲ್ಲ, ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಅನ್ನುವುದು. ಮನೆಯ 230 ವೋಲ್ಟ್‌ನಲ್ಲಿ ಒಂದೂವರೆ ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 12 ವೋಲ್ಟ್‌ನಲ್ಲಿ ಅಷ್ಟು ಹೋದರೆ ಏನು ಉಳಿಯಿತು ಮಾರಾಯ್ರೆ?

ಲೆಕ್ಕ ಸುಲಭ. 0.0175ನ್ನು (ತಾಮ್ರದ ವೈರ್ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ) ಆಂಪಿಯರ್‌ನಿಂದ ಗುಣಿಸಿ, ಆಮೇಲೆ ಹೋಗಿಬರುವ ಒಟ್ಟು ಮೀಟರ್‌ನಿಂದ ಗುಣಿಸಿ, ಸ್ಕ್ವೇರ್ ಎಂಎಂನಿಂದ ಭಾಗಿಸಿ. ಬಂದದ್ದು ನಷ್ಟವಾಗುವ ವೋಲ್ಟ್. ಹೋಗಿಬರುವ ಅಂದೆ, ಯಾಕೆಂದರೆ ನೆಗೆಟಿವ್ ವೈರ್ ಕೂಡ ಅಷ್ಟೇ ತಿನ್ನುತ್ತದೆ. ನಿಮ್ಮ ಬಾಕ್ಸ್ 4 ಮೀಟರ್ ದೂರ, ಅಂದರೆ ಲೆಕ್ಕಕ್ಕೆ 8.

ಮಾತಾಡುವಾಗ ಸೆಟ್ ಸುಮಾರು 6 ಆಂಪಿಯರ್ ಎಳೆಯುತ್ತದೆ. ಸರ್ಚ್ ಲೈಟ್ 4.6. ಉಳಿದದ್ದು ಸೇರಿ 12 ಅಂತ ಹಿಡಿಯಿರಿ. 1 ಸ್ಕ್ವೇರ್ ವೈರ್‌ನಲ್ಲಿ 1.68 ವೋಲ್ಟ್ ಹೋಯಿತು. ಬ್ಯಾಟರಿಯಲ್ಲಿ 12.4 ಇದ್ದರೂ ಬಾಕ್ಸ್‌ಗೆ ಬರುವುದು 10.7. ಇಂಥ ಸೆಟ್‌ಗಳು ಸಾಮಾನ್ಯವಾಗಿ 13.8 ವೋಲ್ಟ್‌ಗೆ ಮಾಡಿದವು. ಅದಕ್ಕಿಂತ ಶೇಕಡ 15ರಷ್ಟು ಕಡಿಮೆ, ಅಂದರೆ ಸುಮಾರು 11.7, ಆದರೂ ತಡೆದುಕೊಳ್ಳುತ್ತವೆ. ಇನ್ನೂ ಕೆಳಗೆ ಇಳಿದರೆ ದೂರಕ್ಕೆ ಮಾತು ಹೋಗುವುದಿಲ್ಲ, ಇಲ್ಲವೇ ಸೆಟ್ಟೇ ಆಫ್.

ರೇಡಿಯೋ, ಜಿಪಿಎಸ್, ದೋಣಿ ಇರುವುದನ್ನು ತೋರಿಸುವ ನ್ಯಾವಿಗೇಷನ್ ದೀಪ, ತಳದ ನೀರು ಹೊರಹಾಕುವ ಬಿಲ್ಜ್ ಪಂಪ್ ಇವಕ್ಕೆ ಶೇಕಡ 3ಕ್ಕಿಂತ ಜಾಸ್ತಿ ನಷ್ಟ ಬಿಡಬೇಡಿ. 12ಕ್ಕೆ 0.36 ವೋಲ್ಟ್. ಬೇರೆ ಸಾಮಾನಿಗೆ ಶೇಕಡ 10 ನಡೆಯುತ್ತದೆ ಅನ್ನುತ್ತಾರೆ. ಹ್ಯಾಲೊಜೆನ್‌ಗೆ ಅದನ್ನು ನಾನು ಒಪ್ಪುವುದಿಲ್ಲ. ವೋಲ್ಟ್ ಶೇಕಡ 10 ಇಳಿದರೆ ಬೆಳಕು ಶೇಕಡ 30ರಷ್ಟು ಇಳಿಯುತ್ತದೆ.

ಹೀಗೆ ಮಾಡಿ. ಸೆಟ್‌ಗೆ ಬ್ಯಾಟರಿಯಿಂದಲೇ ಬೇರೆ ಜೋಡಿ ಎಳೆಯಿರಿ, 2.5 ಸ್ಕ್ವೇರ್, 10 ಆಂಪಿಯರ್ ಫ್ಯೂಸ್. ಬಾಕ್ಸ್‌ಗೆ 4 ಸ್ಕ್ವೇರ್, 15ರ ಫ್ಯೂಸ್. ಬಾಕ್ಸ್‌ನಿಂದ ಸರ್ಚ್ ಲೈಟ್‌ವರೆಗೆ 2.5. ಎಲ್‌ಇಡಿ ಮತ್ತು ಜಿಪಿಎಸ್‌ಗೆ ಬಾಕ್ಸ್‌ನಿಂದ ಮುಂದೆ 1 ಸಾಕು, ಆದರೆ ಅವಕ್ಕೆ ಸಣ್ಣ ಫ್ಯೂಸ್ ಬೇರೆಯೇ ಇರಲಿ. ಬ್ಯಾಟರಿಗೆ ಸೇರುವ ಫ್ಯೂಸ್‌ಗಳು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಫ್ಯೂಸ್ ಕಾಯುವುದು ವೈರನ್ನು. ಬಾಕ್ಸ್‌ನಲ್ಲಿ ಮಾತ್ರ ಫ್ಯೂಸ್ ಇದ್ದರೆ ಅದರ ಹಿಂದಿನ 4 ಮೀಟರ್‌ಗೆ ಕಾವಲೇ ಇಲ್ಲ.

ಹೊನ್ನಾವರ_ಹೊಳೆಬದಿ:
ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ತವರ ಲೇಪಿಸಿದ, ಸಣ್ಣ ಎಳೆಗಳ ಮರೈನ್ ವೈರ್ ಸಿಕ್ಕರೆ ಅದನ್ನೇ ತನ್ನಿ. ಉಪ್ಪು ಗಾಳಿಗೆ ಬರೀ ತಾಮ್ರ ಒಳಗೊಳಗೇ ಕಪ್ಪಾಗುತ್ತದೆ. ಅಮೆರಿಕನ್ ಗೇಜ್‌ನಲ್ಲಿ ಸಿಕ್ಕರೆ ಎಚ್ಚರ, 14 ಗೇಜ್ ಅಂದರೆ 2 ಸ್ಕ್ವೇರ್ ಮಾತ್ರ. ಗೇಜ್ ಅಂಕಿ ಕಡಿಮೆಯಾದಷ್ಟೂ ವೈರ್ ದಪ್ಪ, 2.5ರ ಬದಲಿಗೆ 12 ಗೇಜ್ ಕೇಳಿ. ಕಾರಿನ ಆಂಪ್ಲಿಫೈಯರ್‌ಗೆ ಅಂತ ಮಾರುವ ಅಗ್ಗದ ವೈರ್ ಬೇಡವೇ ಬೇಡ. ಅದರಲ್ಲಿ ಎಷ್ಟೋ ಅಲ್ಯೂಮಿನಿಯಂ, ಮೇಲೆ ಮಾತ್ರ ತಾಮ್ರ. ಬ್ಲೇಡಿನಲ್ಲಿ ಕೆರೆದು ನೋಡಿ. ಹೊರಗೆ ಬೆಳ್ಳಗೆ, ಒಳಗೆ ಕೆಂಪು ಇದ್ದರೆ ಒಳ್ಳೆಯ ವೈರ್. ಹೊರಗೆ ಕೆಂಪು, ಒಳಗೆ ಬಿಳಿ ಬಂದರೆ ವಾಪಸ್ ಕೊಡಿ.

ಗಂಗೊಳ್ಳಿ_ಫೈಬರ್:
ತುಂಬಾ ಉಪಕಾರ ಆಯಿತು. ಲೈಟ್ ಆಫ್ ಮಾಡಿ, ಮೈಕ್ ಒತ್ತಿ ಹಿಡಿದು ಮೀಟರ್‌ನಲ್ಲಿ ನೋಡಿದೆ. ಬ್ಯಾಟರಿ 12.3, ಸೆಟ್ ಹಿಂದೆ 10.6. ಬ್ಯಾಟರಿ ಪ್ಲಸ್‌ನಿಂದ ಸೆಟ್ ಪ್ಲಸ್‌ಗೆ 0.5. ನೆಗೆಟಿವ್‌ನಿಂದ ನೆಗೆಟಿವ್‌ಗೆ 1.2. ಎರಡೂ ಒಂದೇ ವೈರ್, ಒಂದೇ ಉದ್ದ ಅಲ್ವಾ?

ಮಲ್ಪೆ_ವೈರ್‌ಮನ್:
ಚೆನ್ನಾಗಿ ಅಳೆದಿದ್ದೀರಿ. ಪ್ಲಸ್ ಕಡೆಯ 0.5 ವೈರಿನದ್ದೇ, ಲೈಟ್ ಇಲ್ಲದೆ ಸುಮಾರು 7 ಆಂಪಿಯರ್, ಒಂದು ಕಡೆಗೆ 4 ಮೀಟರ್ ಹಿಡಿದರೆ ಲೆಕ್ಕಕ್ಕೆ ಕೂಡಿ ಬರುತ್ತದೆ. ನೆಗೆಟಿವ್ ಕಡೆಯ ಉಳಿದ 0.7 ಯಾವುದೋ ಜಾಯಿಂಟ್ ತಿನ್ನುತ್ತಿದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ನಲ್ಲೇ ಇರಲಿ, ಇನ್ನೊಂದನ್ನು ಒಂದೊಂದೇ ಜಾಯಿಂಟ್‌ಗೆ ಇಡುತ್ತಾ ಬನ್ನಿ. ಎಲ್ಲಿ ಅಂಕಿ ಥಟ್ಟನೆ ಏರುತ್ತದೋ ಅಲ್ಲೇ ಕಿಲುಬು. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಆಗಿದ್ದರೆ ಉಜ್ಜಲು ಹೋಗಬೇಡಿ, ಕತ್ತರಿಸಿ ಬಿಸಾಡಿ. ಹೊಸ ಜೋಡಿಯಲ್ಲಿ ನಡುವೆ ಜಾಯಿಂಟೇ ಬೇಡ. ತುದಿಗೆ ಲಗ್ (ಲೋಹದ ತುದಿ) ಹಾಕಿ, ಕ್ರಿಂಪ್ ಮಾಡಿ (ಒತ್ತಿ ಬಿಗಿದು), ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿ. ಆಮೇಲೆ ಮೈಕ್ ಒತ್ತಿ ಇದೇ ಅಳತೆ ಮತ್ತೆ ಮಾಡಿ. ಎರಡೂ ಕಡೆ 0.17ರ ಆಸುಪಾಸು ಬರಬೇಕು. ಫ್ಯೂಸ್ ಇರುವ ಕಡೆ ಚೂರು ಜಾಸ್ತಿ ಬಂದರೆ ಪರವಾಗಿಲ್ಲ. ಅಂಕಿ ಇಲ್ಲಿ ಹಾಕಿ, ನೋಡುತ್ತೇನೆ.